ಬಾವಿ ತೋಡಿದ ಗ್ಲೈಡರ್

ಎಂಜಿನಿನ ಹಂಗಿಲ್ಲದೆ ಹಾರುವ ವಿಮಾನವೇ ಗ್ಲೈಡರ್. ಎಂಜಿನುಳ್ಳ ವಿಮಾನದ ಚಾಲಕನು ಇಳಿಯುವಾಗ ಲೆಕ್ಕ ತಪ್ಪಿದರೆ ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರಬಹುದು. ಗ್ಲೈಡರಿನವನಿಗೆ ಆ ಭಾಗ್ಯವಿಲ್ಲ. ಆದುದರಿಂದಲೇ ಗ್ಲೈಡರುಗಳು ಹಾರಿದ ಕಥೆಯಷ್ಟೇ ಬಿದ್ದ ಕಥೆಗೂ ಬೆಲೆಯುಂಟು.

ಜರ್ಮನಿಯ ಆಟೋ ಲಿಲಿಯೆಂತಾಲ್ ಗುಡ್ಡಗಳಿಂದ ಸುಮಾರು ಎರಡು ಸಾವಿರ ಸಲ ಹಾರಿ ಇಳಿದಿದ್ದ ಸಾಹಸಿ. ದೇಹವನ್ನು ಅತ್ತಿತ್ತ ವಾಲಿಸಿಯೇ ಆತನು ಸಮತೋಲ ಕಾಯುತ್ತಿದ್ದನು. 1896ರ ಆಗಸ್ಟ್ 9ರಂದು ಅವನ ಗ್ಲೈಡರ್ ಸುಮಾರು 15 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಿತು; ಮರುದಿನ ಆತನು ತೀರಿಕೊಂಡನು. ಈ ವಾರ್ತೆ ಅಮೆರಿಕದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸೋದರರನ್ನು ಚಿಂತನೆಗೆ ಹಚ್ಚಿತು. ದೇಹ ವಾಲಿಸಿದರೆ ಸಾಲದು, ರೆಕ್ಕೆಯೇ ಚಾಲಕನ ಮಾತು ಕೇಳಬೇಕು ಎಂದು ಅವರು ನಿಶ್ಚಯಿಸಿದರು. ಪ್ರಯೋಗಕ್ಕೆ ಮೆತ್ತನೆಯ ಮರಳಿರುವ ಕಿಟಿ ಹಾಕ್ ಕರಾವಳಿಯನ್ನು ಆರಿಸಿದರು.

1902ರಲ್ಲಿ ಅಲ್ಲಿಯೂ ಒಂದು ವಿಚಿತ್ರ ಕಂಟಕ ಎದುರಾಯಿತು. ಒಂದು ಕಡೆಗೆ ವಾಲಿದ ಗ್ಲೈಡರ್ ಸರಿಯಾಗದೆ ತಗ್ಗಿದ ರೆಕ್ಕೆಯ ಕಡೆಗೇ ಜಾರುತ್ತ, ರೆಕ್ಕೆಯ ತುದಿಯನ್ನು ಮರಳಿಗೆ ಊರಿ ಗಿರ್ರನೆ ತಿರುಗುತ್ತಿತ್ತು. ಸೋದರರು ಇದನ್ನು 'ಬಾವಿ ತೋಡುವುದು' ಎಂದು ಹಾಸ್ಯದಿಂದ ಕರೆದರು. ಆದರೆ ಕಾರಣವನ್ನು ಹುಡುಕುವುದರಲ್ಲಿ ಹಾಸ್ಯ ಮಾಡಲಿಲ್ಲ. ಹಿಂಭಾಗದಲ್ಲಿ ಕದಲದಂತೆ ನಿಲ್ಲಿಸಿದ್ದ ಬಾಲವೇ, ಪಕ್ಕದಿಂದ ಬಡಿಯುವ ಗಾಳಿಗೆ ಸಿಕ್ಕಿ, ಗ್ಲೈಡರನ್ನು ಮತ್ತಷ್ಟು ತಿರುಗಿಸುತ್ತಿತ್ತು. ಕಾಫಿ ಹೆಚ್ಚಾಗಿ ನಿದ್ದೆ ಬಾರದ ಒಂದು ರಾತ್ರಿ, ಆ ಬಾಲವನ್ನು ಚಲಿಸುವಂತೆ ಮಾಡಬೇಕೆಂದು ಆರ್ವಿಲ್‌ಗೆ ಹೊಳೆಯಿತು. ಅದನ್ನು ರೆಕ್ಕೆಯ ಚಲನೆಗೇ ಜೋಡಿಸೋಣವೆಂದು ವಿಲ್ಬರ್ ಸೂಚಿಸಿದರು. ಬಾವಿ ತೋಡುವ ಕಾಟ ನೀಗಿತು.

ಇಂದಿನ ಗ್ಲೈಡರಿಗೂ ನೆಲಕ್ಕಿಳಿಯುವ ಮುನ್ನಿನ ಕೊನೆಯ ತಿರುವೇ ಅಪಾಯದ ಎಡೆ. ಎತ್ತರ ಕಡಮೆಯಾಗಿರುತ್ತದೆ, ನೆಲ ಹತ್ತಿರವೆಂಬ ಅಂಜಿಕೆಯಿಂದ ಚಾಲಕನು ಮೂತಿಯನ್ನು ಎತ್ತುತ್ತಾನೆ, ವೇಗ ಕುಂದುತ್ತದೆ, ರೆಕ್ಕೆ ಆಧಾರ ಕಳೆದುಕೊಳ್ಳುತ್ತದೆ. ಸರಿಪಡಿಸಲು ಬೇಕಾದ ಎತ್ತರ ಅಲ್ಲಿ ಉಳಿದಿರುವುದಿಲ್ಲ. ಆದುದರಿಂದ ತಿರುವಿಗೆ ಮೊದಲೇ ತಕ್ಕ ವೇಗವನ್ನು ಗಳಿಸಿ, ಅದನ್ನು ಕಾಯ್ದುಕೊಳ್ಳಬೇಕೆಂದು ಕಲಿಯುವವರಿಗೆ ಬೋಧಿಸುತ್ತಾರೆ. ಈ ಒಂದು ವಾಕ್ಯದ ಹಿಂದೆ ಎಷ್ಟು ಜನರ ಪ್ರಾಣವಿದೆಯೋ!

ವಿಮಾನಾಪಘಾತದ ತನಿಖೆಯ ಗುರಿ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪನ್ನು ಒಬ್ಬರ ಮೇಲೆ ಹೊರಿಸುವುದಲ್ಲವೆಂದು ಅಂತರರಾಷ್ಟ್ರೀಯ ನಿಯಮ ಸಾರುತ್ತದೆ. ನಮ್ಮ ಮನೆಗಳಲ್ಲಿ ಹಾಲಿನ ಪಾತ್ರೆ ಉರುಳಿದೊಡನೆ ಏಳುವ ಮೊದಲ ಪ್ರಶ್ನೆ 'ಯಾರು?' ಎಂಬುದು. ಪೆಟ್ಟಿಗೆ ಹೆದರಿದ ಮಗು ಪಾತ್ರೆಯನ್ನು ಅಂಚಿನಲ್ಲಿ ಇಟ್ಟಿದ್ದವರಾರೆಂಬುದನ್ನೂ, ಅಂಚಿನಲ್ಲೇಕೆ ಇಟ್ಟರೆಂಬುದನ್ನೂ ಹೇಳುವುದಿಲ್ಲ. ನಾಳೆ ಪಾತ್ರೆ ಮತ್ತೆ ಅಲ್ಲಿಯೇ ಇರುತ್ತದೆ. 'ಹೇಗೆ?' ಎಂದು ಕೇಳಿ ನೋಡಿದರೆ ಹಾಲಾದರೂ ಉಳಿದೀತು.