ಗಡಿಯಾರಕ್ಕೂ ಚಳಿ!

ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಹಳೆಯ ಎಚ್.ಎಂ.ಟಿ. ಕ್ವಾರ್ಟ್ಜ್ ಗಡಿಯಾರ ಕೆಲವು ಸೆಕೆಂಡು ಹಿಂದೆ ಬಿದ್ದರೆ ಕೆಟ್ಟಿತೆಂದು ಎಸೆಯಬೇಡಿ; ಅದಕ್ಕೂ ಚಳಿಯಾಗಿರಬಹುದು.

ಇದರ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು 15 ಸಲ ಅರ್ಧ ಮಾಡುತ್ತ ಹೋದರೆ 1 ಉಳಿಯುತ್ತದೆ. ಅದೇ ಒಂದು ಸೆಕೆಂಡಿನ ಮಿಡಿತ. ಸ್ಫಟಿಕಕ್ಕೆ ಹಿತವಾದುದು ಸುಮಾರು 25 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ 10 ಡಿಗ್ರಿ ಹೆಚ್ಚಾದರೂ ಕಡಿಮೆಯಾದರೂ ತಿಂಗಳಿಗೆ ಸುಮಾರು 9 ಸೆಕೆಂಡು ನಿಧಾನ.

1961ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಗೆ ನೆರವಾದ ಜಪಾನಿನ ಸಿಟಿಜನ್ ಕಂಪೆನಿ, 1975ರಲ್ಲಿ ಸೆಕೆಂಡಿಗೆ 41 ಲಕ್ಷಕ್ಕೂ ಹೆಚ್ಚು ಸಲ ಕಂಪಿಸುವ ಸ್ಫಟಿಕ ಬಳಸಿ, ವರ್ಷಕ್ಕೆ 3 ಸೆಕೆಂಡಿನಷ್ಟೇ ವ್ಯತ್ಯಾಸದ ಕೈಗಡಿಯಾರ ತಂದಿತು. ಇಂಥವನ್ನು ಸಂಗ್ರಹಿಸುವವರು ಇಂದಿಗೂ ಇದ್ದಾರೆ.

ಸಾಮಾನ್ಯ ಗಡಿಯಾರಕ್ಕೆ ಮೈಯ ಬಿಸಿಯೇ ರಕ್ಷೆ. ಚೈನು ಸಡಿಲವಾದರೆ ಆ ಬಿಸಿ ಸರಿಯಾಗಿ ತಾಗದು. ಅಪ್ಪನ ಗಡಿಯಾರ ಮಗಳ ಕೈಗೆ ದೊಡ್ಡದಾದರೆ ಕೊಂಡಿಗಳನ್ನು ಎರಡೂ ಬದಿಯಿಂದ ಸಮನಾಗಿ ತೆಗೆಸಬೇಕು. ಒಳಮೈಯಲ್ಲಿ ಬಾಣದ ಗುರುತಿದ್ದರೆ ಆ ದಿಕ್ಕಿಗೇ ಪಿನ್ನು ತಳ್ಳಬೇಕು. ತೆಗೆದ ಕೊಂಡಿಗಳನ್ನು ಜೋಪಾನವಾಗಿಡಿ. ಮಕ್ಕಳ ಕೈ ಬೆಳೆಯುತ್ತದೆ.

ನಿಂತುಹೋದ ಗಡಿಯಾರದ ಸೆಲ್ಲನ್ನು ಕೂಡಲೇ ತೆಗೆಸಿ. ಸೋರಿದರೆ ಯಂತ್ರ ಹಾಳು. ಪುಟ್ಟ ಮಕ್ಕಳು ನುಂಗಿದರೆ ಅನ್ನನಾಳ ಸುಟ್ಟು ಪ್ರಾಣಕ್ಕೇ ಅಪಾಯ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ವಿದ್ಯಾರ್ಥಿಗಳಿಗೊಂದು ಪ್ರಯೋಗ: ಗಡಿಯಾರವನ್ನು ಒಂದು ತಿಂಗಳು ಕೈಯಲ್ಲಿ, ಇನ್ನೊಂದು ತಿಂಗಳು ಕಪಾಟಿನಲ್ಲಿಟ್ಟು ಮೊಬೈಲಿನ ಸಮಯದೊಡನೆ ಹೋಲಿಸಿ. ಎಷ್ಟು ಸೆಕೆಂಡು ವ್ಯತ್ಯಾಸ ಬಂತು, ಬರೆದಿಡಿ.