ಎರಡು ಸಂಪಾಜೆಗಳ ನಡುವಣ ಗೆರೆ

ಮಗ್ಗೆಯ ಕಡೆಯ ನಾವು ಕೊಡ್ಲಿಪೇಟೆಗೋ ಶನಿವಾರಸಂತೆಗೋ ಹೋಗಿ ಬರುವಾಗ, ಹಾಸನ ಜಿಲ್ಲೆ ಎಲ್ಲಿ ಮುಗಿದು ಕೊಡಗು ಎಲ್ಲಿ ಮೊದಲಾಯಿತೆಂಬುದನ್ನು ದಾರಿಬದಿಯ ಫಲಕವೊಂದಲ್ಲದೆ ಮತ್ತಾವುದೂ ತಿಳಿಸದು. ಆಚೆಗೂ ಅದೇ ಕಾಫಿಯ ತೋಟ, ಅದೇ ಗದ್ದೆ, ಅದೇ ಮುಂಗಾರು. ಆದರೂ 1956ರ ನವೆಂಬರ್ 1ರವರೆಗೆ ಅದು ಮೈಸೂರನ್ನೂ ಕೊಡಗನ್ನೂ ಬೇರ್ಪಡಿಸಿದ್ದ ರಾಜ್ಯದ ಗಡಿಯಾಗಿದ್ದಿತು. ಗಡಿಯ ಅಂಚಿನಲ್ಲಿ ಬಾಳುವ ನಮಗೆ, ಗಡಿಯೇ ಊರ ನಡುವೆ ಹಾದುಹೋದವರ ಕಷ್ಟ ಬೇಗನೆ ಅರ್ಥವಾಗಬೇಕು. ಅಂತಹ ಊರು ಸಂಪಾಜೆ.

ಮಡಿಕೇರಿಯಿಂದ ಘಟ್ಟವಿಳಿದು ಸುಳ್ಯದತ್ತ ಸಾಗುವ ಹೆದ್ದಾರಿಯಲ್ಲಿ, ಸಂಪಾಜೆಯೆಂಬ ಒಂದೇ ಹೆಸರನ್ನು ಹೊತ್ತ ಎರಡು ಗ್ರಾಮಗಳು ಒಂದಕ್ಕೊಂದು ತಾಗಿಕೊಂಡಿವೆ: ಒಂದು ಕೊಡಗಿನ ಮಡಿಕೇರಿ ತಾಲ್ಲೂಕಿಗೆ, ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿಗೆ ಸೇರಿದುದು. ಅಲ್ಲಿಂದ ಕಲ್ಲುಗುಂಡಿ, ಅರಂತೋಡುಗಳನ್ನು ದಾಟಿ ಪೆರಾಜೆಗೆ ಬಂದರೆ ಮತ್ತೆ ಕೊಡಗು. ಪೆರಾಜೆ ಕಳೆದು ಸುಳ್ಯ ಸೇರಿದರೆ ಮತ್ತೆ ದಕ್ಷಿಣ ಕನ್ನಡ. ಎರಡು ಪಾಲಿನಲ್ಲಿಯೂ ಅರೆಭಾಷೆಯ ಮಾತು ಕೇಳಿಬರುತ್ತದೆ. ಎರಡು ಪಾಲಿನ ತೋಟಗಳಿಗೂ ಪಯಸ್ವಿನಿಯದೇ ಕಣಿವೆ.

ಈ ವಿಭಜನೆಯ ಮೂಲ 1834ರಲ್ಲಿದೆ. ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ಸ್ವಾಧೀನಪಡಿಸಿಕೊಂಡ ಕಂಪನಿ ಸರ್ಕಾರವು, ಅದುವರೆಗೆ ಕೊಡಗಿನ ಅರಸರ ಅಧೀನದಲ್ಲಿದ್ದ ಅಮರಸುಳ್ಯದ ಸೀಮೆಯನ್ನು ಮದ್ರಾಸ್ ಆಧಿಪತ್ಯದ ದಕ್ಷಿಣ ಕೆನರಾಕ್ಕೆ ಸೇರಿಸಿತು. ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸಿ ರೂಢಿಯಾಗಿದ್ದ ರೈತನು ಇನ್ನು ನಾಣ್ಯದಲ್ಲಿಯೇ ತೆರಬೇಕಾಯಿತು. ಆ ಅಸಮಾಧಾನವೇ ದಂಗೆಯಾಗಿ ಬೆಳೆದು, ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ಮುಂದಾಳುತನದಲ್ಲಿ 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದ ಮೇಲೆ ಧ್ವಜವೇರಿಸುವವರೆಗೆ ನಡೆಯಿತು. ದಂಗೆ ಅಡಗಿತು, ಗೆರೆ ಉಳಿಯಿತು.

1956ರಲ್ಲಿ ಕೊಡಗೂ ದಕ್ಷಿಣ ಕನ್ನಡವೂ ಒಂದೇ ರಾಜ್ಯದೊಳಗೆ ಸೇರಿದಾಗ ಆ ಗೆರೆ ರಾಜ್ಯದ ಗಡಿಯಾಗಿ ಉಳಿಯದೆ ಜಿಲ್ಲೆಯ ಗಡಿಯಾಯಿತು. ಲೋಕಸಭೆಯ ಮಟ್ಟಿಗಾದರೂ ಈ ಎರಡು ಪಾಲುಗಳಿಗೂ ಮಂಗಳೂರೆಂಬ ಒಂದೇ ಕ್ಷೇತ್ರವಿದ್ದಿತು. 2008ರ ಪುನರ್ವಿಂಗಡಣೆಯ ತರುವಾಯ ಕೊಡಗು ಮೈಸೂರಿನ ಕ್ಷೇತ್ರಕ್ಕೆ ಸಂದು, ಆ ಸಾಮಾನ್ಯ ಪ್ರತಿನಿಧಿಯೂ ಇಲ್ಲವಾದನು.

ಗಡಿಯನ್ನೇ ಅಳಿಸಬೇಕೆಂದು ನಾನು ಹೇಳುವುದಿಲ್ಲ. ಪಹಣಿ, ಮತದಾರರ ಪಟ್ಟಿ, ಶಾಲೆಯ ದಾಖಲೆಗಳೆಲ್ಲ ಅದಕ್ಕೆ ಹೊಂದಿಕೊಂಡಿವೆ. ಕೊಡಗಿನವರೆಂಬ ಅಭಿಮಾನವೂ ಸಾಮಾನ್ಯವಾದುದಲ್ಲ. ಕಂದಾಯಕ್ಕೆಂದು ಎಳೆದ ಗೆರೆ ಆಪತ್ತಿನಲ್ಲಿ ಅಡ್ಡಬರಕೂಡದೆಂಬುದಷ್ಟೇ ನನ್ನ ಮಾತು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು, ಮಡಿಕೇರಿಯ ದಾರಿಯೇ ಕಡಿದುಹೋದಾಗ, ಕೊಡಗಿನ ಸಂತ್ರಸ್ತರು ಘಟ್ಟದ ಕೆಳಗಿಳಿದು ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಆಶ್ರಯ ಪಡೆದರು. ತಮ್ಮ ಜಿಲ್ಲೆಯ ಕೇಂದ್ರವು ಕೈಗೆ ನಿಲುಕದೆ ಹೋದ ಗಳಿಗೆಯಲ್ಲಿ ಅವರನ್ನು ಕಾಪಾಡಿದುದು ನೆರೆಯ ಜಿಲ್ಲೆ.

ಅಂದು ಮಾನವೀಯತೆಯಿಂದ ನಡೆದುದು ಇನ್ನು ವಿಧಿಯಾಗಿ ನಡೆಯಲಿ. ಮಳೆಗಾಲಕ್ಕೆ ಮುನ್ನ ಎರಡು ಜಿಲ್ಲಾಡಳಿತಗಳೂ ಎರಡು ಪಂಚಾಯಿತಿಗಳೂ ಒಂದೆಡೆ ಕುಳಿತು, ಯಾವ ಮನೆಯವರನ್ನು ಯಾವ ಆಸ್ಪತ್ರೆಗೆ, ಯಾವ ಶಾಲೆಗೆ ಸಾಗಿಸಬೇಕೆಂಬುದನ್ನು ದೂರವನ್ನು ನೋಡಿಯೇ ನಿರ್ಧರಿಸಬೇಕು. ಹತ್ತಿರದ ಅಧಿಕಾರಿಯು ಮೊದಲು ಧಾವಿಸಿ, ವೆಚ್ಚದ ಲೆಕ್ಕವನ್ನು ಎರಡು ಕಚೇರಿಗಳು ಆಮೇಲೆ ಸರಿದೂಗಿಸಿಕೊಳ್ಳಬೇಕು. ಇದಕ್ಕೆ ಹೊಸ ನಕ್ಷೆ ಬೇಡ, ಹೊಸ ತಾಲ್ಲೂಕು ಬೇಡ. ಬರುವ ಮುಂಗಾರಿಗೆ ಮೊದಲು ಇಬ್ಬರು ಜಿಲ್ಲಾಧಿಕಾರಿಗಳ ಸಹಿ ಬಿದ್ದರೆ ಸಾಕು.