ಎಲ್ಲ ಗಣಕಗಳಿಗೂ ಒಂದೇ ಬುತ್ತಿ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11ಕ್ಕೆ ಎಷ್ಟೋ ಹಳೆಯ ಗಣಕಗಳು ಸಲ್ಲುವುದಿಲ್ಲ. ಯಂತ್ರವು ಗಟ್ಟಿಮುಟ್ಟಾಗಿದ್ದರೂ ಒಳಗಿನ ವ್ಯವಸ್ಥೆಗೆ ರಕ್ಷಣೆಯಿಲ್ಲವೆಂಬ ಪರಿಸ್ಥಿತಿಯು ಇದರಿಂದ ಒದಗಿದೆ. ವರದಾ ನದಿಯ ದಡದ ಹೊಸರಿತ್ತಿಯಂತಹ ಊರಿನಲ್ಲಿ ಇಂತಹ ಗಣಕವೊಂದನ್ನು ಬಳಸುವ ವಿದ್ಯಾರ್ಥಿಗೆ ಹೊಸದನ್ನು ಕೊಳ್ಳುವುದು ಸುಲಭದ ಮಾತಲ್ಲ. ಲಿನಕ್ಸಿನ ಮುಕ್ತ ವ್ಯವಸ್ಥೆಗಳು ಹಣವನ್ನು ಕೇಳದೆ ಅದೇ ಯಂತ್ರಕ್ಕೆ ಇನ್ನೂ ಕೆಲವು ವರ್ಷಗಳ ಆಯುಸ್ಸನ್ನು ಕೊಡಬಲ್ಲವು. ಆದರೆ ಅವನ್ನು ಸ್ಥಾಪಿಸಿದ ಮರುದಿನವೇ ಮತ್ತೊಂದು ಪ್ರಶ್ನೆ ಏಳುತ್ತದೆ: ಬೇಕಾದ ತಂತ್ರಾಂಶಗಳನ್ನು ಇದರೊಳಕ್ಕೆ ತರುವುದು ಹೇಗೆ? ಈ ಪ್ರಶ್ನೆಗೆ ಉತ್ತರಗಳು ಹಲವು. ಯಾವುದು ಮೇಲೆಂಬ ವಾದವು ಬಲ್ಲವರಲ್ಲಿ ಹತ್ತು ವರ್ಷಗಳಿಂದ ನಡೆದಿದೆ. ಆ ವಾದದಲ್ಲಿ ನಮ್ಮ ಊರುಗಳ ಮತ್ತು ನಮ್ಮ ನುಡಿಯ ಅಗತ್ಯವನ್ನು ಎಣಿಕೆಗೆ ತಂದವರು ಕಡಮೆಯೆಂದು ನಮಗೆ ತೋರುತ್ತದೆ.

ಲಿನಕ್ಸ್ ಎಂಬ ಹೆಸರು ಒಂದಾದರೂ ಅದರ ‘ವಿತರಣೆ’ಗಳು ಅನೇಕ. ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿಯು 1993ರಲ್ಲಿ ಆರಂಭಿಸಿದ ಡೆಬಿಯನ್, ಆ ಬುಡದಿಂದಲೇ ಚಿಗುರಿದ ಉಬುಂಟು, ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ನಿನ ಮೇಲೆ ಕಟ್ಟಿದ ಬಾಸ್, ಬೇರೆ ಬಳಗದ ಫೆಡೋರಾ ಮತ್ತು ಆರ್ಚ್ ಇವು ಅವುಗಳಲ್ಲಿ ಕೆಲವು. ಪ್ರತಿಯೊಂದಕ್ಕೂ ತನ್ನದೇ ಆದ ತಂತ್ರಾಂಶ ಭಂಡಾರವಿದೆ. ತಂತ್ರಾಂಶವನ್ನು ಬರೆದವರು ಒಬ್ಬರಾದರೆ, ಅದನ್ನು ಪರಿಶೀಲಿಸಿ, ಪೊಟ್ಟಣ ಕಟ್ಟಿ ಭಂಡಾರದಲ್ಲಿ ಇಡುವವರು ಸಾಮಾನ್ಯವಾಗಿ ಇನ್ನೊಬ್ಬರು. ಚಿತ್ರವನ್ನು ತೋರಿಸುವುದು, ಕಡತವನ್ನು ಕುಗ್ಗಿಸುವುದು ಮೊದಲಾದ ಸಾಮಾನ್ಯ ಕೆಲಸಗಳಿಗೆ ಎಲ್ಲ ತಂತ್ರಾಂಶಗಳೂ ವ್ಯವಸ್ಥೆಯಲ್ಲಿರುವ ಒಂದೇ ‘ಲೈಬ್ರರಿ’ಗಳನ್ನು ಹಂಚಿಕೊಳ್ಳುತ್ತವೆ. ಇದರಿಂದ ಜಾಗವೂ ಉಳಿಯುತ್ತದೆ, ದುರಸ್ತಿಯೂ ಸುಲಭವಾಗುತ್ತದೆ. 2014ರಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಭಾರಿ ದೋಷವು ಬಯಲಾದಾಗ, ಆ ಒಂದು ಪೊಟ್ಟಣವನ್ನು ಬದಲಿಸಿದುದರಿಂದ ಅದನ್ನು ಹಂಚಿಕೊಂಡಿದ್ದ ತಂತ್ರಾಂಶಗಳ ತೂತೆಲ್ಲವೂ ಮುಚ್ಚಿತು.

ದೋಷವೂ ಇದೇ ಗುಣದಲ್ಲಿ ಅಡಗಿದೆ. ಒಂದು ವಿತರಣೆಯ ಲೈಬ್ರರಿ ಹೊಸದು, ಇನ್ನೊಂದರದು ಹಳೆಯದು. ಒಂದಕ್ಕೆಂದು ಕಟ್ಟಿದ ಪೊಟ್ಟಣ ಇನ್ನೊಂದರಲ್ಲಿ ಕೂಡುವುದಿಲ್ಲ. ಡೆಬಿಯನ್ನಿನ ಸ್ಥಿರ ಆವೃತ್ತಿಯು ಸುಮಾರು ಎರಡು ವರ್ಷಗಳಿಗೊಮ್ಮೆ ಹೊರಡುತ್ತದೆ. ನಡುವಣ ಕಾಲದಲ್ಲಿ ನಕ್ಷತ್ರಗಳನ್ನು ತೋರಿಸುವ ಸ್ಟೆಲೇರಿಯಮ್ ಎಷ್ಟೇ ಮುಂದುವರಿದರೂ ಆ ಭಂಡಾರದಲ್ಲಿ ದೊರೆಯುವುದು ಹಳೆಯದೇ.

ಈ ತೊಡಕಿಗೆ ಪರಿಹಾರವೆಂದು ಬಂದುದೇ ಎಲ್ಲ ವಿತರಣೆಗಳಿಗೂ ಸಲ್ಲುವ ಪೊಟ್ಟಣ. ನಮ್ಮ ಸೀಮೆಯವರಿಗೆ ಹೀಗೆಂದರೆ ತಿಳಿದೀತು: ಬೀಗರ ಮನೆಗೆ ಹೋದವನು ಆ ಮನೆಯ ಒಲೆಯ ಮೇಲೆ ಬೆಂದುದನ್ನು ಉಣ್ಣುತ್ತಾನೆ, ದೂರದ ಹೊಲಕ್ಕೆ ಹೊರಟವನು ರೊಟ್ಟಿ, ಪಲ್ಯ, ಶೇಂಗಾ ಹಿಂಡಿಗಳನ್ನೆಲ್ಲ ಬುತ್ತಿ ಕಟ್ಟಿಕೊಂಡೇ ಹೋಗುತ್ತಾನೆ. ಹೊಸ ಪೊಟ್ಟಣಗಳು ಬುತ್ತಿಯ ಜಾತಿಯವು; ತಮಗೆ ಬೇಕಾದ ಲೈಬ್ರರಿಗಳನ್ನು ತಾವೇ ಹೊತ್ತು ತರುತ್ತವೆ. ಆಪ್‌ಇಮೇಜ್ ಎಂಬುದು ಒಂದೇ ಕಡತ. ಇಳಿಸಿಕೊಂಡು, ಚಲಿಸಲು ಅನುಮತಿ ಕೊಟ್ಟರೆ ಸಾಕು. ಸ್ನ್ಯಾಪ್ ಉಬುಂಟುವಿನ ಒಡೆಯರಾದ ಕ್ಯಾನೊನಿಕಲ್ ಸಂಸ್ಥೆಯದು. ಫ್ಲಾಟ್‌ಪ್ಯಾಕ್ ಅಲೆಕ್ಸಾಂಡರ್ ಲಾರ್ಸನ್ ಅವರಿಂದ ಆರಂಭವಾಗಿ, 2016ರಲ್ಲಿ ಈ ಹೆಸರನ್ನು ಪಡೆಯಿತು. ಕೊನೆಯ ಎರಡೂ ತಂತ್ರಾಂಶದ ಸುತ್ತ ಒಂದು ಬೇಲಿಯನ್ನು ಕಟ್ಟಿ, ಉಳಿದ ಕಡತಗಳಿಗೆ ಅದು ಕೈಹಾಕದಂತೆ ತಡೆಯಲು ಯತ್ನಿಸುತ್ತವೆ. ಬೇಲಿಯ ಬಿಗಿ ಎಲ್ಲೆಡೆಯೂ ಒಂದೇ ಅಲ್ಲವೆಂಬುದನ್ನು ಮರೆಯಬಾರದು; ಮನೆಯ ಕಡತಗಳಷ್ಟನ್ನೂ ನೋಡುವ ಅನುಮತಿಯನ್ನು ಕೇಳಿ ಪಡೆದ ತಂತ್ರಾಂಶಗಳೂ ಉಂಟು.

ಇವುಗಳಲ್ಲಿ ಒಂದನ್ನೇ ಹಿಡಿದು ಉಳಿದುದನ್ನು ಬಿಡಬೇಕೆಂಬ ಪಕ್ಷದವರೊಡನೆ ನಮ್ಮ ಸಮ್ಮತಿಯಿಲ್ಲ. ಪೊಟ್ಟಣ ಕಟ್ಟುವ ದುಡಿಮೆಯ ಭಾರವು ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ. ಹಳೆಯ ಪದ್ಧತಿಯಲ್ಲಿ ಅದು ಸ್ವಯಂಸೇವಕರ ಮೇಲೆ ಬೀಳುತ್ತದೆ. ಹೊಸ ಪದ್ಧತಿಯಲ್ಲಿ ಅದರ ಬಹುಪಾಲು ಬಳಸುವವನ ಡಿಸ್ಕಿನ ಮೇಲೆ, ಆತನ ಮೊಬೈಲ್ ಡೇಟಾದ ಮೇಲೆ ಬೀಳುತ್ತದೆ.

ಕನ್ನಡದ ವಿಷಯದಲ್ಲಿ ಈ ಲೆಕ್ಕವು ಇನ್ನೂ ಕಠಿನ. ಅಚ್ಚಾದ ಕನ್ನಡ ಪುಟದ ಚಿತ್ರವನ್ನು ಓದಿ ಅಕ್ಷರಗಳನ್ನಾಗಿ ಮಾಡಿಕೊಡುವ ಟೆಸರಾಕ್ಟ್ ಎಂಬ ತಂತ್ರಾಂಶವನ್ನೇ ನೋಡಿರಿ. ಅದಕ್ಕೆ ಕನ್ನಡವನ್ನು ಕಲಿಸುವ ದತ್ತಾಂಶವು ಡೆಬಿಯನ್ನಿನಲ್ಲಿ ‘ಟೆಸರಾಕ್ಟ್-ಓಸಿಆರ್-ಕಾನ್’, ಫೆಡೋರಾದಲ್ಲಿ ‘ಟೆಸರಾಕ್ಟ್-ಲ್ಯಾಂಗ್‌ಪ್ಯಾಕ್-ಕಾನ್’, ಆರ್ಚ್‌ನಲ್ಲಿ ‘ಟೆಸರಾಕ್ಟ್-ಡೇಟಾ-ಕಾನ್’. ಲೋಹಿತ್ ಅಕ್ಷರಶೈಲಿಗೂ ಇದೇ ಗತಿ: ಒಂದೆಡೆ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’, ಇನ್ನೊಂದೆಡೆ ‘ಲೋಹಿತ್-ಕನ್ನಡ-ಫಾಂಟ್ಸ್’. ಒಂದೇ ಮಗುವಿಗೆ ಮೂರು ಊರುಗಳಲ್ಲಿ ಮೂರು ಹೆಸರು! ಆಯಾ ಊರಿನಲ್ಲಿ ಆ ಮಗುವನ್ನು ನೋಡಿಕೊಳ್ಳಲು ಒಬ್ಬೊಬ್ಬರು ಬೇಕು. ಇಂಗ್ಲಿಷಿನ ದೊಡ್ಡ ತಂತ್ರಾಂಶಗಳಿಗೆ ಅಂಥವರು ಸಿಕ್ಕಾರು. ಬಿಡುವಿನ ವೇಳೆಯಲ್ಲಿ ಒಬ್ಬಿಬ್ಬರು ಕೂಡಿ ಬರೆದ ಕನ್ನಡದ ಕಲಿಕೆಯ ಆಟಕ್ಕೋ ನಿಘಂಟಿಗೋ ಸಿಗುವುದಿಲ್ಲ. ಅಂಥ ತಂತ್ರಾಂಶವನ್ನು ಬರೆಯುವವರು ನಾಲ್ಕು ಪೊಟ್ಟಣಗಳನ್ನು ಕಟ್ಟುತ್ತ ಕೂಡುವುದಕ್ಕಿಂತ ಒಂದೇ ಫ್ಲಾಟ್‌ಪ್ಯಾಕನ್ನು ಕಟ್ಟಿ, ಉಳಿದ ವೇಳೆಯನ್ನು ತಂತ್ರಾಂಶವನ್ನು ತಿದ್ದುವುದಕ್ಕೆ ವಿನಿಯೋಗಿಸುವುದೇ ಲೇಸು ಎಂದು ನಾವು ನಿಸ್ಸಂದೇಹವಾಗಿ ಹೇಳುತ್ತೇವೆ.

ಆದರೆ ಅಕ್ಷರಶೈಲಿ ಮತ್ತು ಕೀಲಿಮಣೆಗಳನ್ನು ಬುತ್ತಿಯಲ್ಲಿ ಕಟ್ಟಲಾಗದು. ಅವು ಒಂದು ತಂತ್ರಾಂಶದ ಸೊತ್ತಲ್ಲ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆಯು ಲಿನಕ್ಸಿನ ಸಾಮಾನ್ಯ ಕೀಲಿಮಣೆ ದತ್ತಾಂಶದಲ್ಲಿಯೇ ಸೇರಿರುವುದರಿಂದ, ಪ್ರಚಲಿತ ವಿತರಣೆಗಳಲ್ಲಿ ಏನನ್ನೂ ಇಳಿಸಿಕೊಳ್ಳದೆ ಪಟ್ಟಿಯಿಂದ ಆರಿಸಿದೊಡನೆ ದೊರೆಯುತ್ತದೆ. ಕನ್ನಡದ ಮಟ್ಟಿಗೆ ಇದಕ್ಕಿಂತ ಉತ್ತಮವಾದ ಹಂಚಿಕೆಯನ್ನು ನಾವು ಕಂಡಿಲ್ಲ. ಬೇಲಿಯೊಳಗಿನ ತಂತ್ರಾಂಶವಾದರೋ ಹೊರಗಿನ ಅಕ್ಷರಗಳನ್ನು ಕಾಣುವುದಕ್ಕೂ, ಐಬಸ್‌ನಂತಹ ಬರೆವಣಿಗೆಯ ಸಾಧನದೊಡನೆ ಮಾತಾಡುವುದಕ್ಕೂ ಪ್ರತ್ಯೇಕ ಕಿಂಡಿಗಳು ಬೇಕು. ಆ ಕಿಂಡಿಗಳನ್ನು ತೆರೆದಿಟ್ಟಿದ್ದಾರೆ. ಆದರೂ ಹೊಸ ಪೊಟ್ಟಣವನ್ನು ಕಟ್ಟಿದವರು ಕನ್ನಡದಲ್ಲಿ ಒಂದು ಸಾಲನ್ನಾದರೂ ಬರೆದು ನೋಡಬೇಕು. ಒತ್ತಕ್ಷರ ಒಡೆದು ಕಂಡರೆ ಅದನ್ನು ಕಟ್ಟಿದವರಿಗೆ ತಿಳಿಯುವುದೇ ಇಲ್ಲ, ತಿಳಿಸುವವನು ನಮ್ಮವನೇ ಆಗಬೇಕು. ಕಾಲೇಜಿನ ವಿದ್ಯಾರ್ಥಿಗಳು ಇಂದೇ ಕೈಗೊಳ್ಳಬಹುದಾದ ಕೆಲಸವಿದು.

ಬುತ್ತಿಯೆಂದ ಮಾತ್ರಕ್ಕೆ ಅದರೊಳಗಿನ ಅನ್ನ ಹಳಸದು ಎಂದಲ್ಲ. ಒಳಗಿನ ಲೈಬ್ರರಿಯಲ್ಲಿ ದೋಷ ಕಂಡರೆ ಬುತ್ತಿ ಕಟ್ಟಿದವರೇ ಮತ್ತೆ ಕಟ್ಟಿಕೊಡಬೇಕು. ಕಟ್ಟದಿದ್ದರೆ ದೋಷ ಅಲ್ಲಿಯೇ ಉಳಿಯುತ್ತದೆ. ಎಲ್ಲೆಡೆ ನಡೆಯುತ್ತದೆಂಬ ಆಪ್‌ಇಮೇಜ್ ಕೂಡ 2022ರ ಉಬುಂಟುವಿನಲ್ಲಿ ಮುಗ್ಗರಿಸಿತು. ಅದು ನೆಚ್ಚಿದ್ದ ಫ್ಯೂಸ್ ಲೈಬ್ರರಿಯ ಹಳೆಯ ಆವೃತ್ತಿಯು ಅಲ್ಲಿ ತಾನಾಗಿ ಇರಲಿಲ್ಲ. ಸ್ನ್ಯಾಪ್ ಅಂಗಡಿಯಲ್ಲಿ 2023ರಲ್ಲಿ ಹಣ ಕದಿಯುವ ನಕಲಿ ತಂತ್ರಾಂಶಗಳು ನುಸುಳಿದ್ದವು. ಆ ಅಂಗಡಿಯ ಬೀಗದ ಕೈಯೂ ಒಂದೇ ಸಂಸ್ಥೆಯ ಬಳಿ ಇದೆ. ಹಳೆಯ ಭಂಡಾರಗಳೂ ಪರಮಪವಿತ್ರವೇನಲ್ಲ: 2024ರಲ್ಲಿ ಎಕ್ಸ್‌ಝಡ್ ಎಂಬ ಲೈಬ್ರರಿಯೊಳಗೆ ಗುಟ್ಟಾಗಿ ಸೇರಿಸಿದ ಕಳ್ಳಗಿಂಡಿಯು ಹಲವು ವಿತರಣೆಗಳ ಪರೀಕ್ಷಾ ಆವೃತ್ತಿಗಳವರೆಗೂ ಬಂದಿತ್ತು. ಅದನ್ನು ಕಂಡುಹಿಡಿದ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ಮೊದಲು ಅನುಮಾನ ಹುಟ್ಟಿದುದು ದೂರದ ಗಣಕಕ್ಕೆ ಪ್ರವೇಶಿಸುವಾಗ ಅರೆ ಸೆಕೆಂಡಿನಷ್ಟು ಹೆಚ್ಚು ತಡವಾದುದರಿಂದ.

ಇನ್ನು ಡೇಟಾದ ಮಾತು. ಮೊದಲ ಫ್ಲಾಟ್‌ಪ್ಯಾಕ್ ತಂತ್ರಾಂಶವನ್ನು ತರುವಾಗ ಅದರ ಅಡಿಪಾಯವಾದ ‘ರನ್‌ಟೈಮ್’ ಸಹ ಬರಬೇಕು. ಅದು ಕೆಲವು ನೂರು ಮೆಗಾಬೈಟುಗಳ ಗಂಟು. ಅದೇ ಅಡಿಪಾಯವನ್ನು ಬೇಡುವ ಎರಡನೆಯ ತಂತ್ರಾಂಶಕ್ಕೆ ಅದು ಮತ್ತೆ ಬೇಕಿಲ್ಲ. ನವೀಕರಣದಲ್ಲಿಯೂ ಸಾಮಾನ್ಯವಾಗಿ ಬದಲಾದ ಭಾಗವಷ್ಟೇ ಇಳಿಯುತ್ತದೆ. ಆದರೂ ಶಾಲೆಯೊಂದರ ಹತ್ತು ಗಣಕಗಳು ಹತ್ತು ಬಾರಿ ಅದನ್ನೇ ಇಳಿಸಿಕೊಂಡರೆ ಮೊಬೈಲಿನ ದಿನದ ಪಾಲು ಮಧ್ಯಾಹ್ನಕ್ಕೆ ಮುನ್ನವೇ ತೀರುತ್ತದೆ.

ನಗರದ ಲೇಖಕರು ಈ ಆಕ್ಷೇಪಣೆಯನ್ನು ಎತ್ತಿ ಅಲ್ಲಿಗೇ ಬಿಡುವುದುಂಟು. ಬಿಡಬೇಕಾಗಿಲ್ಲ. ಗಡಿಯಾಚೆಗಿನ ಕಾಸರಗೋಡನ್ನು ನೋಡಿರಿ. ಕೇರಳದ ಶಾಲೆಗಳಿಗೆ ಕೈಟ್ ಎಂಬ ಸರಕಾರಿ ಸಂಸ್ಥೆಯು ಉಬುಂಟುವನ್ನು ಆಧರಿಸಿ, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲೇ ತುಂಬಿದ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿ ಕೊಡುತ್ತದೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ಇದರ ಪಾಲುದಾರರು. ಅಷ್ಟು ದೊಡ್ಡ ಏರ್ಪಾಡಾಗುವ ತನಕ ಹಾವೇರಿ ಜಿಲ್ಲೆಯ ಶಾಲೆಗಳು ಕೈಕಟ್ಟಿ ಕೂಡಬೇಕಿಲ್ಲ. ಫ್ಲಾಟ್‌ಪ್ಯಾಕಿನಲ್ಲಿ ‘ಕ್ರಿಯೇಟ್-ಯುಎಸ್‌ಬಿ’ ಎಂಬ ಆಜ್ಞೆಯಿದೆ. ಭಂಡಾರದ ಗುರುತನ್ನು ಮೊದಲೊಮ್ಮೆ ನಮೂದಿಸಿಕೊಂಡರೆ, ಒಂದು ಗಣಕದಲ್ಲಿರುವ ತಂತ್ರಾಂಶಗಳನ್ನು ಅಡಿಪಾಯದ ಸಮೇತ ಪೆನ್ ಡ್ರೈವಿಗೆ ತುಂಬಬಹುದು. ಅಂತರ್ಜಾಲವಿಲ್ಲದ ಗಣಕಗಳು ಅದರಿಂದಲೇ ಅವನ್ನು ಪಡೆಯಬಲ್ಲವು, ಸಾಚಾತನದ ಸಹಿಯನ್ನೂ ಅಲ್ಲಿಯೇ ತಾಳೆ ನೋಡಬಲ್ಲವು. ಡೆಬಿಯನ್ನಿನ ಪೊಟ್ಟಣಗಳಿಗೂ ‘ಆಪ್ಟ್-ಆಫ್‌ಲೈನ್’ ಎಂಬ ಇಂತಹದೇ ಸಾಧನವಿದೆ. ಹಾವೇರಿಯ ಕಾಲೇಜೊಂದರಲ್ಲಿ ತಿಂಗಳಿಗೊಮ್ಮೆ ಇವನ್ನು ತುಂಬಿಸಿಟ್ಟರೆ, ಹೊಸರಿತ್ತಿಯ ಉಪಾಧ್ಯಾಯರು ಬಸ್ಸಿನಲ್ಲಿ ಹಿಂದಿರುಗುವಾಗ ಅಂಗಿಯ ಜೇಬಿನಲ್ಲಿಯೇ ತೆಗೆದುಕೊಂಡು ಹೋಗಬಹುದು.